ಫ್ರೇಮು ಓಡುವಾಗ ದನಿ ಕೇಳಿಸುವುದಿಲ್ಲ

ಮೊನ್ನೆ ಬೆಳಿಗ್ಗೆ ಹಿರಿಯೂರಿನ ಬಸ್ ನಿಲ್ದಾಣದ ಹೊರಗೆ ಒಬ್ಬ ಹಾಸಿಗೆಯವನು ಹಳೇ ಹಾಸಿಗೆ ಬಿಚ್ಚಿ, ಹತ್ತಿ ಹಿಂಜುವ ಯಂತ್ರ ಹಚ್ಚಿಕೊಂಡು ಕೂತಿದ್ದ. ಆಷಾಢದ ಗಾಳಿ. ಹಿಂಜಿದ ಹತ್ತಿಯಲ್ಲಿ ಅರ್ಧ ಹಾಸಿಗೆಗೆ ಹೋದರೆ ಇನ್ನರ್ಧ ದಾರಿಯಲ್ಲಿ ಹೋಗುವವರ ಮೂಗಿಗೆ. ಹಳೇ ಹತ್ತಿಯ ಧೂಳಿಗೆ ಬಿಸಿ ಮೋಟಾರಿನ ಎಣ್ಣೆ ಸೇರಿದ ವಾಸನೆ. ಒಂದರ ಹಿಂದೊಂದು ಸೀನು ಬಂತು. ಸೀನಿ ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಹೋದ ವರ್ಷದ ಆಷಾಢ ಪೂರ್ತಿ ಎದ್ದು ಬಂದು ಎದೆಯ ಮೇಲೆ ಕೂತಿತು.

ನಾನು ಧರ್ಮಪುರದಿಂದ ಬರಬೇಕಿದ್ದ ರುದ್ರಕ್ಕನಿಗಾಗಿ ಕಾಯುತ್ತಿದ್ದೆ. ದಿನಾ ಅವಳು ಬರುತ್ತಿದ್ದುದು ಮಿಲ್ಲಿನ ಬಸ್ಸಿನಲ್ಲಿ. ಈಗ ಅದು ಅವಳನ್ನು ಹತ್ತಿಸಿಕೊಳ್ಳುವುದಿಲ್ಲ. ಯಾಕೆ ಅನ್ನುವುದನ್ನು ಆಮೇಲೆ ಹೇಳುತ್ತೇನೆ. ಸರ್ಕಾರಿ ಬಸ್ಸು ಯಾವತ್ತಿನಂತೆ ತಡವಾಗಿತ್ತು.

ನನ್ನ ಹೆಸರು ತಿಪ್ಪೇಸ್ವಾಮಿ, ಎಲ್ಲರ ಬಾಯಲ್ಲಿ ತಿಪ್ಪೇಶಿ. ಊರು ಐಮಂಗಲದ ಹತ್ತಿರ, ಮನೆಯಲ್ಲಿ ಅಪ್ಪ, ಅವ್ವ, ಮತ್ತೆ ನನಗಿಂತ ಹೆಚ್ಚು ಮರ್ಯಾದೆ ಇರುವ ಕುರಿಗಳು. ಕಸುಬು ಹೆದ್ದಾರಿ ಬದಿಯ ನೂಲಿನ ಮಿಲ್ಲಿನಲ್ಲಿ ಹರಿದ ಎಳೆ ಕಟ್ಟುವುದು. ಚಟ ಮಂದಿಯಂತೆ ಮಾತಾಡುವುದು. ಕಂಡಕ್ಟರು ಚಿಲ್ಲರೆ ಇಲ್ಲ ಅನ್ನುವಾಗಿನ ಮೂಗಿನ ದನಿ, ಅಪ್ಪನ ಕೆಮ್ಮು, ಅಪ್ಪನ ಕೆಮ್ಮು ಕೇಳಿ ಬೆದರುವ ಕುರಿಯ ದನಿ, ಎಲ್ಲವೂ ಬರುತ್ತವೆ. ನನ್ನನ್ನು ಅಣಕಿಸುವುದು ಇನ್ನೂ ಸುಲಭ. ಕೀರಲು ದನಿ ತೆಗೆದು, ಇನ್ನೂ ಪೂರ್ತಿ ಬರದ ಮೀಸೆಯನ್ನು ತಿರುವಿ ತೋರಿಸಿದರೆ ಸಾಕು, ಊರಲ್ಲಿ ಯಾರಾದರೂ “ಓ, ತಿಪ್ಪೇಶಿ” ಅನ್ನುತ್ತಾರೆ.

ನೂಲಿನ ಮಿಲ್ಲಿನ ಶೆಡ್ಡಿನೊಳಗೆ ಒಮ್ಮೆಯೂ ಕಾಲಿಡದವರಿಗೆ ಒಂದು ವಿಷಯ ಹೇಳಲೇಬೇಕು. ಅಲ್ಲಿ ನೂಲು ತೆಗೆಯುವ ಯಂತ್ರಗಳು, ನಾವು ಫ್ರೇಮು ಅನ್ನುವುದು, ಸಾಲಾಗಿ ನಿಂತಿರುತ್ತವೆ. ಒಂದೊಂದು ಫ್ರೇಮಿನಲ್ಲೂ ತಿರುಗುತ್ತ ನೂಲು ಸುತ್ತಿಕೊಳ್ಳುವ ನೂರಾರು ಕದಿರು, ಒಂದೊಂದು ಕದಿರಿಗೂ ಒಂದು ಎಳೆ. ಎಲ್ಲ ಒಟ್ಟಿಗೆ ಓಡುವಾಗ ಪಕ್ಕದಲ್ಲಿ ನಿಂತವಳು ಹೆರಿಗೆ ನೋವಿನಿಂದ ಕೂಗಿದರೂ ನಮಗೆ ಗೊತ್ತಾಗದು. ಅದಕ್ಕೇ ಒಳಗೆ ಮಾತಿಲ್ಲ, ಕೈ ಇದೆ. ತೋರುಬೆರಳು ಗಿರ್ರನೆ ತಿರುಗಿಸಿದರೆ ಎಳೆ ಹರಿದಿದೆ. ಅಂಗೈ ಕಿವಿಯ ಪಕ್ಕ ಬೀಸಿದರೆ ಕೇಳಿಸಲಿಲ್ಲ. ತಲೆಯ ಮೇಲೆ ಎರಡೂ ಕೈ ಅಡ್ಡ ಹಾಕಿದರೆ ಎಲ್ಲ ಫ್ರೇಮೂ ನಿಲ್ಲಿಸು; ಇದನ್ನು ಮಾಡುವ ಹಕ್ಕು ಮ್ಯಾನೇಜರಿಗೆ ಮಾತ್ರ. ಹೆಸರುಗಳೂ ಕೈಯಲ್ಲೇ. ನನ್ನ ಹೆಸರು ಬಾಯಿ ಮುಂದೆ ಬೆರಳುಗಳ ಗಿಳಿಕೊಕ್ಕು. ಮ್ಯಾನೇಜರ್ ನಾಗರಾಜಪ್ಪನವರದು ಎರಡೂ ಕೈಯಲ್ಲಿ ಪ್ಯಾಂಟನ್ನು ಹೊಟ್ಟೆಯ ಮೇಲಕ್ಕೆ ಎಳೆದುಕೊಳ್ಳುವುದು. ಅವರು ದಿನಕ್ಕೆ ಅದೆಷ್ಟು ಸಲ ಎಳೆದುಕೊಳ್ಳುತ್ತಿದ್ದರೋ, ಪ್ಯಾಂಟಿಗೇ ಬೇಸರವಾಗಿರಬೇಕು.

ಈ ಭಾಷೆಯ ಅಕ್ಷರಾಭ್ಯಾಸ ನನಗೆ ಮಾಡಿಸಿದವಳು ರುದ್ರಕ್ಕ. ನನ್ನದರ ಪಕ್ಕದ ಫ್ರೇಮು ಅವಳದು. ನನಗಿಂತ ಇಪ್ಪತ್ತು ವರ್ಷ ಹಿರಿಯಳು, ಗಂಡನಿಲ್ಲ, ಮಗಳು ಕಾವ್ಯಳನ್ನು ಅದೇ ಮಿಲ್ಲಿಗೆ ಸೇರಿಸಿದ್ದಳು. ಸೇರಿದ ಮೊದಲ ವಾರ ನಾನು ಎಳೆ ಕಟ್ಟಲು ಹೋಗಿ ಹತ್ತು ಎಳೆ ಹರಿದರೆ, ಸೂಪರ್‌ವೈಸರ್ ಬಂದು ಯಾರದೆಂದು ಹುಬ್ಬು ಹಾರಿಸಿದರೆ, ಅವಳು ಅಂಗೈಯನ್ನು ಎದೆಯ ಮೇಲಿಟ್ಟು, ಹೆಬ್ಬೆರಳನ್ನು ಬೇರೆಯಾಗಿ ಮೇಲಕ್ಕೆ ನಿಲ್ಲಿಸುತ್ತಿದ್ದಳು. ‘ನನ್ನದು’ ಅಂತ. ಎರಡು ಫ್ರೇಮಿನ ನಡುವೆ ತಪ್ಪು ಯಾರದೇ ಆಗಲಿ, ಒಬ್ಬರು ಎದೆ ಮುಟ್ಟಿಕೊಂಡರೆ ಅಲ್ಲಿಗೆ ಮುಗಿಯಿತು. ಇನ್ನೊಬ್ಬರನ್ನು ಯಾರೂ ಕೇಳುವುದಿಲ್ಲ. ಶೆಡ್ಡಿನ ಪದ್ಧತಿ ಅದು.

ಮಾತು ಬೇಕಾಗುತ್ತಿದ್ದುದು ಊಟದ ಹೊತ್ತಿಗೆ. ಹೊರಗೆ ಹುಣಸೇಮರದ ಕೆಳಗೆ ಬುತ್ತಿ ಬಿಚ್ಚಿದರೆ ಸಾಕು, “ಲೇ ತಿಪ್ಪೇಶಿ, ನಾಗರಾಜಪ್ಪನ್ನ ಕರಿಯೋ” ಅನ್ನುವರು. ನಾನು ಎದ್ದು ನಿಂತು ಹೊಟ್ಟೆ ಉಬ್ಬಿಸಿ, ಪ್ಯಾಂಟು ಎಳೆದುಕೊಂಡು, “ಹ್ಞಾಂ… ಏನ್ರೀ ಅದೂ… ನೂಲು ತೆಗೀತೀರೋ ನಿದ್ದೆ ತೆಗೀತೀರೋ” ಅಂದರೆ ಹೆಣ್ಣುಮಕ್ಕಳು ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದರು. ನಾಗರಾಜಪ್ಪನವರಿಗೂ ಗೊತ್ತಿತ್ತು. ಒಮ್ಮೆ ಹಿಂದೆಯೇ ಬಂದು ನಿಂತು, “ನನಗಿಂತ ನೀನೇ ಚೆನ್ನಾಗಿ ಬಯ್ತೀಯಲ್ಲೋ” ಅಂದು ತಾವೂ ನಕ್ಕಿದ್ದರು. ಹೊಳಲ್ಕೆರೆ ಕಡೆಯವರು, ಕೆಟ್ಟವರಲ್ಲ. ಧಣಿಯ ಕಾರಿನ ಹಾರ್ನು ಕೇಳಿದರೆ ಮಾತ್ರ ಆ ಮನುಷ್ಯನ ಮೈಯಲ್ಲಿ ಮೂಳೆ ಇರುತ್ತಿರಲಿಲ್ಲ.

ಹೋದ ವರ್ಷದ ಗಾಳಿ ಸಾಮಾನ್ಯದ್ದಲ್ಲ. ಗುಡ್ಡದ ಮೇಲಿನ ಗಾಳಿಯಂತ್ರಗಳು ದೆವ್ವ ಹಿಡಿದಂತೆ ತಿರುಗುತ್ತಿದ್ದವು. ಒಂದು ಮಧ್ಯಾಹ್ನ ಶೆಡ್ಡಿನ ಕಿಟಕಿಗಳಿಂದ ಸುಟ್ಟ ವಾಸನೆ ಒಳಗೆ ಬಂತು. ಹತ್ತಿ ಇರುವ ಕಡೆ ಸುಟ್ಟ ವಾಸನೆ ಬಂದರೆ ಎಲ್ಲರ ಕಣ್ಣೂ ಬಾಗಿಲ ಕಡೆಗೇ. ನಾಗರಾಜಪ್ಪನವರು ಓಡಿ ಬಂದರು, ಸಾಲಿನ ನಡುವೆ ನಿಂತು ಎರಡೂ ಕೈ ತಲೆಯ ಮೇಲೆ ಅಡ್ಡ ಹಾಕಿದರು. ನಾನು ನೋಡಿದೆ, ರುದ್ರಕ್ಕ ನೋಡಿದಳು, ಸಾಲಿನಲ್ಲಿದ್ದವರೆಲ್ಲ ನೋಡಿದರು. ಎಲ್ಲರೂ ತಂತಮ್ಮ ಫ್ರೇಮು ನಿಲ್ಲಿಸಿದರು. ಒಂದೊಂದಾಗಿ ನಿಧಾನಕ್ಕೆ ನಿಲ್ಲಿಸಬೇಕಾದ್ದನ್ನು ಒಟ್ಟಿಗೇ ನಿಲ್ಲಿಸಿದರೆ ಆಗುವುದೇ ಆಯಿತು. ಸಾವಿರಾರು ಎಳೆ ಒಂದೇ ಉಸಿರಿಗೆ ಹರಿದವು. ಅರ್ಧ ತುಂಬಿದ ಬಾಬಿನ್ನುಗಳು ಸಿಕ್ಕುಸಿಕ್ಕಾದವು. ಆಮೇಲೆ ನೋಡಿದರೆ ಬೆಂಕಿ ಎಲ್ಲಿಯೂ ಇಲ್ಲ. ಹೆದ್ದಾರಿಯ ಆಚೆ ಯಾರೋ ಹಳೇ ಟೈರು ಸುಡುತ್ತಿದ್ದರು, ಗಾಳಿ ಅದನ್ನು ನಮಗೆ ತಂದುಕೊಟ್ಟಿತ್ತು.

ಮಾರನೆಯ ದಿನ ಹೊರಡಬೇಕಿದ್ದ ಲೋಡು ಹೊರಡಲಿಲ್ಲ. ಸಂಜೆ ಧಣಿಯ ಕಾರು ಬಂತು. ಒಳಗೆ ಆಫೀಸಿನಲ್ಲಿ ಏನು ಮಾತಾಯಿತೋ ಕಾಣೆ. ನಾಗರಾಜಪ್ಪನವರು ಹೊರಗೆ ಬಂದಾಗ ಮುಖ ಹಿಂಡಿದ ಬಟ್ಟೆಯಂತಿತ್ತು. ನನ್ನ ಕಡೆ ನೋಡದೆ ನನ್ನನ್ನೇ ಕರೆದರು.

“ತಿಪ್ಪೇಶಿ, ನಾಳೆಯಿಂದ ಬರಬ್ಯಾಡ. ಕಾಗದ ಮನೆಗೆ ಬರುತ್ತೆ.”

“ಯಾಕ್ ಸಾರ್?”

“ಯಾಕಂತ ಕಾಗದದಾಗೆ ಐತೆ.”

ನಾನು ತಮಾಷೆ ಅಂದುಕೊಂಡೆ. ನಮ್ಮ ನಡುವೆ ತಮಾಷೆ ಮಾಡುವವನು ನಾನು ಮಾತ್ರ ಅನ್ನುವುದನ್ನು ಮರೆತಿದ್ದೆ.

ಕಾಗದ ಬಂತು. ಇಂಗ್ಲಿಷಿನಲ್ಲಿತ್ತು. ಅಪ್ಪ ಅದನ್ನು ತಿರುಗಿಸಿ ತಿರುಗಿಸಿ ನೋಡಿ, “ಸೀಲು ಚೆನ್ನಾಗೈತೆ” ಅಂದ. ಹಿರಿಯೂರಿಗೆ ತಂದು ಬಸ್ ನಿಲ್ದಾಣದ ಎದುರಿನ ಟೈಪಿಂಗ್ ಅಂಗಡಿಯಲ್ಲಿ ಓದಿಸಿದೆ. ಅಂಗಡಿಯ ಶಿವಣ್ಣ ಕನ್ನಡಕ ಏರಿಸಿಕೊಂಡು ಓದಿದ. ತಿಪ್ಪೇಸ್ವಾಮಿ ಎಂಬ ಕಾರ್ಮಿಕನು ಮ್ಯಾನೇಜರರ ದನಿಯನ್ನು ಅನುಕರಿಸಿ ಕೂಗಿ, ಯಂತ್ರ ನಿಲ್ಲಿಸುವಂತೆ ಸುಳ್ಳು ಆದೇಶ ನೀಡಿ, ಸಂಸ್ಥೆಗೆ ಭಾರೀ ನಷ್ಟ ಮಾಡಿದ್ದಾನೆ. ವಿಚಾರಣೆ ನಾಳೆ ಬೆಳಿಗ್ಗೆ.

“ನಾಳೆನಾ?” ಅಂದೆ.

“ತಾರೀಕು ಹಂಗೇ ಹಾಕ್ಯಾರೆ. ಕಾಗದ ಇವತ್ತು ಮುಟ್ಟಬೇಕು, ನೀನು ನಾಳೆ ಮುಳುಗಬೇಕು ಅನ್ನೋ ಲೆಕ್ಕ. ಜೊತೆಗೆ ಯಾರನ್ನಾದ್ರೂ ಕರ್ಕಂಡು ಹೋಗಪ್ಪ. ಒಬ್ಬ ಕೆಲಸದವನ್ನ ಸಹಾಯಕ್ಕೆ ಇಟ್ಕಳಾಕೆ ಕೇಳಬೋದು.”

ಆ ಸಂಜೆ ಎಷ್ಟು ಮನೆ ತಿರುಗಿದೆನೋ. ಹುಣಸೇಮರದ ಕೆಳಗೆ ನಗುವಾಗ ಹಲ್ಲು ಎಣಿಸುವಂತೆ ಬಾಯಿ ತೆರೆಯುತ್ತಿದ್ದವರೆಲ್ಲ ಅವತ್ತು ಬಾಯಿ ಬಿಡಲಿಲ್ಲ. ಒಬ್ಬ, “ನೀನು ದಿನಾ ಹಂಗೇ ಮಾಡ್ತಿದ್ದಲ್ಲಪ್ಪ” ಅಂದ. ಇನ್ನೊಬ್ಬ ತನ್ನ ಹೆಂಡತಿಯ ಬಾಯಲ್ಲಿ ತಾನು ಮನೆಯಲ್ಲಿಲ್ಲ ಅಂತ ಹೇಳಿಸಿದ. ಒಳಗಿನಿಂದ ಅವನ ಸೀನು ಕೇಳಿಸಿತು. ರುದ್ರಕ್ಕ ಧರ್ಮಪುರದಲ್ಲಿದ್ದಳು. ಫೋನು ಎತ್ತಲಿಲ್ಲ.

ವಿಚಾರಣೆ ನಡೆದದ್ದು ಮಿಲ್ಲಿನ ಆಫೀಸಿನಲ್ಲಿ, ಫ್ಯಾನು ಸದ್ದಿಲ್ಲದೆ ತಿರುಗುವ ತಣ್ಣನೆಯ ಕೋಣೆ. ವಿಚಾರಣಾಧಿಕಾರಿ ಮಿಲ್ಲಿನವರೇ ಬೇರೆ ಊರಿನಿಂದ ಕರೆಸಿದ ವಕೀಲರು. ನೋಡಿದರೆ ನೂಲನ್ನು ಅಂಗಡಿಯಲ್ಲಿ ಬಿಟ್ಟು ಬೇರೆಲ್ಲೂ ಕಂಡವರಂತೆ ಇರಲಿಲ್ಲ. ಮಿಲ್ಲಿನ ಪರವಾಗಿ ಆರೋಪ ಮಂಡಿಸಲು ಕೂತವರು ಯಾರು ಅಂದರೆ ನಾಗರಾಜಪ್ಪನವರೇ. ಸಾಕ್ಷಿಯೂ ಅವರೇ. ಟೀ ತರಿಸಿದವರೂ ಅವರೇ.

“ನಿನ್ನ ಕಡೆ ಯಾರಪ್ಪ?” ಅಂದರು ಅಧಿಕಾರಿ.

“ಯಾರೂ ಬರಲಿಲ್ಲ ಸಾರ್. ಒಂದು ವಾರ ಟೈಮು ಕೊಡ್ರಿ. ಕಾಗದ ಕನ್ನಡದಾಗೆ ಕೊಡ್ರಿ.”

“ಅಷ್ಟೆಲ್ಲ ಯಾಕೆ? ಸಣ್ಣ ವಿಷಯ. ನೀನು ಕೂಗಿದ್ಯೋ ಇಲ್ವೋ?”

“ಇಲ್ಲ ಸಾರ್. ಮ್ಯಾನೇಜರ್ ಸಾರೇ ಕೈ ಅಡ್ಡ ಹಾಕಿದ್ರು.”

“ಇವರ ದನಿ ನಿನಗೆ ಬರುತ್ತೋ ಇಲ್ವೋ?”

“ಬರುತ್ತೆ ಸಾರ್.”

“ಎಲ್ಲಿ, ಒಮ್ಮೆ ಮಾಡಿ ತೋರಿಸು.”

ಆಗ ನಾನು ಸುಮ್ಮನಿರಬಹುದಿತ್ತು. ಬೇಕೆಂದೇ ಕೆಟ್ಟದಾಗಿ ಮಾಡಬಹುದಿತ್ತು. ಆದರೆ ಈ ಬಾಯಿಗೆ ಕೆಟ್ಟದಾಗಿ ಮಾಡುವುದು ಗೊತ್ತಿಲ್ಲ. ಯಾರಾದರೂ ಮಾಡಿ ತೋರಿಸು ಅಂದರೆ, ಎದುರಿಗೆ ನೇಣುಗಂಬ ಇದ್ದರೂ, ಗಂಟಲು ತಾನೇ ಸಿದ್ಧವಾಗುತ್ತದೆ. “ಹ್ಞಾಂ… ಏನ್ರೀ ಅದೂ… ಟೀ ಎಲ್ರೀ?” ಅಂದೆ. ಹೊರಗೆ ಸ್ಟೂಲಿನ ಮೇಲೆ ಕೂತಿದ್ದ ಪ್ಯೂನು ದಡಬಡ ಎದ್ದು ಒಳಗೆ ಬಂದು, ನಾಗರಾಜಪ್ಪನವರ ಮುಂದೆ ಬಗ್ಗಿ, “ತಂದೆ ಸಾರ್” ಅಂದ. ಅಧಿಕಾರಿ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ, ನನ್ನಂಥ ಪೆದ್ದ ಜಿಲ್ಲೆಯಲ್ಲಿ ಇರಲಿಕ್ಕಿಲ್ಲ. ನಕ್ಕು ಮುಗಿಸಿ ಅವರು ಪೆನ್ನು ತೆಗೆದು ಬರೆದುಕೊಂಡರು.

ಆಮೇಲೆ ರುದ್ರಕ್ಕನನ್ನು ಒಳಗೆ ಕರೆದರು. ಅವಳು ಬಾಗಿಲಲ್ಲೇ ನಿಂತಳು. ಸೆರಗಿನ ಮೇಲೆ ಹತ್ತಿ ಕೂತಿತ್ತು. ನನ್ನ ಕಡೆ ಕಣ್ಣು ಹಾಯಿಸಲಿಲ್ಲ.

“ಮ್ಯಾನೇಜರ್ ದನಿ ಕೇಳ್ತಾ?” ಅಂದರು ಅಧಿಕಾರಿ.

“ಕೇಳ್ತು.”

“ಮ್ಯಾನೇಜರ್ ಅಲ್ಲಿದ್ರಾ?”

“ಇರಲಿಲ್ಲ.”

ಯಾರೋ ಬಾಯಿಪಾಠ ಮಾಡಿಸಿದ ಮಗ್ಗಿಯಂತೆ ಹೇಳಿದಳು. ಅವಳ ಮಗಳು ಕಾವ್ಯಳ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ, ಕಾಯಂ ಮಾಡುವ ಸಹಿ ನಾಗರಾಜಪ್ಪನವರದು. ಅದು ನನಗೆ ಗೊತ್ತಿತ್ತು. ಗೊತ್ತಿದ್ದರೂ ಎದ್ದು ನಿಂತೆ.

“ಸಾರ್, ಅಕ್ಕನ್ನ ನಾನೂ ಒಂದ್ ಮಾತು ಕೇಳ್ಲಾ?”

“ಎಲ್ಲ ಸ್ಪಷ್ಟವಾಗಿದೆಯಲ್ಲಪ್ಪ, ಇನ್ನೇನು ಕೇಳ್ತೀಯ? ಇಲ್ಲಿ ಸೈನ್ ಮಾಡು.”

ಶೆಡ್ಡಿನಲ್ಲಿ ಕ್ಯಾಮೆರಾ ಇತ್ತಲ್ಲ ಅಂದೆ. ಇತ್ತು, ಅದರ ಕಣ್ಣಿನ ಮೇಲೂ ಹತ್ತಿ ಕೂತು ಚಳಿಗೆ ಟೋಪಿ ಹಾಕಿದಂತೆ ಆಗಿತ್ತಂತೆ, ಏನೂ ಕಾಣುವುದಿಲ್ಲವಂತೆ. ಟೀ ಆರುವಷ್ಟರಲ್ಲಿ ನನ್ನ ವಿಚಾರಣೆ ಮುಗಿದಿತ್ತು. ಅದೇ ವಾರ ಇನ್ನೊಂದು ಕಾಗದ. ಈ ಸಲ ಶಿವಣ್ಣ ಓದುವ ಮೊದಲೇ ಅವನ ಮುಖ ನೋಡಿ ತಿಳಿಯಿತು. ವಜಾ.

ಆಮೇಲಿನ ದಿನಗಳಲ್ಲಿ ಗಾಳಿ ಬಿಟ್ಟರೆ ನನ್ನ ಜೊತೆ ಯಾರೂ ಇರಲಿಲ್ಲ. ದುರ್ಗದ ಒಂದು ಮಿಲ್ಲಿಗೆ ಹೋದೆ, ಹೊಸದುರ್ಗದ ಗಾರ್ಮೆಂಟ್ಸಿಗೆ ಹೋದೆ, ಹೊಳಲ್ಕೆರೆಯ ಹತ್ತಿರ ಎಣ್ಣೆ ಮಿಲ್ಲಿಗೂ ಹೋದೆ. ಎಲ್ಲ ಗೇಟಿನಲ್ಲೂ ಹಿಂದೆ ಎಲ್ಲಿದ್ದೆ, ಯಾಕೆ ಬಿಟ್ಟೆ ಅಂತಲೇ ಕೇಳುವುದು. ಒಂದು ಗೇಟಿನ ವಾಚ್‌ಮನ್ ನಾನು ಹೆಸರು ಹೇಳುತ್ತಲೇ, “ಓಹೋ, ಮ್ಯಾನೇಜರ್ ಆಗಿ ಫ್ಯಾಕ್ಟ್ರಿ ನಿಲ್ಸಿದೋನು ನೀನೇ ಏನಪ್ಪ? ನಮ್ಮ ಸಾಹೇಬ್ರ ದನಿ ಕಲಿಯಾಕೆ ಬಂದ್ಯಾ?” ಅಂದ. ಅವನ ಮೂಗಿನ ದನಿ ಅಣಕಿಸಲು ಹೇಳಿ ಮಾಡಿಸಿದಂತಿತ್ತು. ನನ್ನ ಗಂಟಲಿನಿಂದ ಏನೂ ಬರಲಿಲ್ಲ.

ಮನೆಯಲ್ಲೂ ಬರಲಿಲ್ಲ. ಕುರಿ ಹಟ್ಟಿಯ ಹತ್ತಿರ ಕೂತರೆ ಕತ್ತಲಾಗುವ ತನಕ ಕೂತೇ ಇರುತ್ತಿದ್ದೆ. ಬಾವಿಯ ಕಟ್ಟೆಯ ಮೇಲೆ ಕೂರುವ ಅಭ್ಯಾಸವನ್ನೂ ಮಾಡಿಕೊಂಡಿದ್ದೆ. ಅವ್ವ ಅದನ್ನು ಕಂಡು, ಏನೂ ಹೇಳದೆ, ತಾನೂ ಬಂದು ಪಕ್ಕದಲ್ಲಿ ಕೂತು ಕಾಳು ಆರಿಸತೊಡಗಿದಳು. ದಿನಾ. ಆರಿಸಿದ ಕಾಳನ್ನೇ ಮತ್ತೆ ಆರಿಸುತ್ತಿದ್ದಳು. ಒಂದು ಸಂಜೆ ಅಪ್ಪ ಕಂಬಳಿ ಹೊದ್ದು ಬಂದು ನನ್ನ ಎದುರು ಕೂತ. ಹುಟ್ಟಿದಾಗಿನಿಂದ ನನ್ನ ಅಣಕವನ್ನು ಬಯ್ದವನು.

“ತಿಪ್ಪೇಶಿ.”

“ಹ್ಞೂಂ.”

“ಒಂದ್ ಸಲ ನನ್ನಂಗೆ ಕೆಮ್ಮು ನೋಡಾಣ.”

“ಬಿಡಪ್ಪ.”

“ಕೆಮ್ಮಲೇ. ಬಯ್ಯಲ್ಲ.”

ಕೆಮ್ಮಲು ಹೋದೆ. ಬಂದದ್ದು ಅಳು. ಅಪ್ಪ ತಾನೇ ಕೆಮ್ಮಿ, “ಹಿಂಗೆ ಕಣೋ, ಮರ್ತುಬಿಟ್ಯಾ” ಅಂದು ಎದ್ದು ಹೋದ.

ಹೊಸದೊಂದು ಕೆಲಸಕ್ಕೆ ಅರ್ಜಿ ಟೈಪು ಮಾಡಿಸಲು ಹೋದಾಗ ಶಿವಣ್ಣ ಬೈದ. “ಎಷ್ಟು ಅರ್ಜಿ ಹಾಕ್ತೀಯೋ? ತಪ್ಪು ಮಾಡದ ಮ್ಯಾಲೆ ಬೇರೆ ಕೆಲಸ ಯಾಕೆ ಹುಡುಕ್ತೀಯ, ಇರೋ ಕೆಲಸ ವಾಪಸ್ ಕೇಳು. ದುರ್ಗದಾಗೆ ಕಾರ್ಮಿಕ ಅಧಿಕಾರಿ ಅದಾರೆ. ಕೇಳದೆ ಕೇಳಿಸದೆ ತೆಗೆದಾಕಿದ್ರೆ ಅಲ್ಲಿಗೆ ಹೋಗಬೇಕು.” ಅವನೇ ಬರೆದುಕೊಟ್ಟ.

ದುರ್ಗದ ಆ ಕಚೇರಿಯ ಬೆಂಚಿನ ಮೇಲೆ ಕೂತು ಕೂತು, ಅದರ ಯಾವ ಮೊಳೆ ಯಾವ ಜಾಗದಲ್ಲಿ ಚುಚ್ಚುತ್ತದೆ ಅಂತ ಪರಿಚಯವಾಯಿತು. ಅಧಿಕಾರಿ ಮೇಡಂ ಪ್ರತಿ ಮಾತಿಗೂ ಮೊದಲು “ಒಂದ್ನಿಮಿಷ” ಅನ್ನುವವರು. ನನ್ನ ಮಾತನ್ನು ಪೂರ್ತಿ ಕೇಳಿದರು. ಆ ಗಾಳಿಕಾಲದಲ್ಲಿ ಕೊನೆಯವರೆಗೆ ಕೇಳಿದ ಮೊದಲಿಗರು ಅವರೇ. ಮಿಲ್ಲಿಗೆ ನೋಟಿಸು ಕಳಿಸಿದರು. ಮೊದಲ ಸಲ ಮಿಲ್ಲಿನವರು ಬರಲಿಲ್ಲ. ಇನ್ನೊಂದು ಸಲ ಯಾರೋ ಬಂದು ಬೇರೆ ದಿನ ಕೇಳಿಕೊಂಡು ಹೋದರು. ಆಮೇಲೆ ನಾಗರಾಜಪ್ಪನವರು ಫೈಲು ಹಿಡಿದು ಬಂದರು.

“ಮೇಡಂ, ವಿಚಾರಣೆ ಮಾಡೀವಿ. ಸಾಕ್ಷಿ ಅವೆ. ಪಕ್ಕದ ಫ್ರೇಮಿನ ಹೆಣ್ಣುಮಗಳೇ ಹೇಳ್ಯಾಳೆ, ದನಿ ಕೇಳ್ತು ಅಂತ.”

ಮೇಡಂ ನನ್ನ ಕಡೆ ನೋಡಿದರು. “ಒಂದ್ನಿಮಿಷ. ಅವಳು ಯಾಕೆ ಸುಳ್ಳು ಹೇಳ್ತಾಳಪ್ಪ?”

ಯಾಕೆ ಅಂತ ಹೇಳಿದರೆ ಕಾವ್ಯಳ ಕೆಲಸ ಹೋಗುತ್ತದೆ. ಹೇಳದಿದ್ದರೆ ನನ್ನದು ಹೋದದ್ದು ಹೋಯಿತು. “ಗೊತ್ತಿಲ್ಲ ಮೇಡಂ” ಅಂದೆ. ಮುಂದಿನ ಸಭೆಗೆ ಒಪ್ಪಂದವಾಗದಿದ್ದರೆ ವ್ಯಾಜ್ಯ ಕೋರ್ಟಿಗೆ ಹೋಗುತ್ತದೆ, ಅಲ್ಲಿ ವರ್ಷಗಳು ಹಿಡಿಯಬಹುದು ಅಂದರು. ಹೊರಗೆ ಬಂದು ಕೋಟೆಯ ಕಡೆ ನೋಡಿದೆ. ಅಷ್ಟು ಕಲ್ಲುಗಳಿದ್ದವು, ಒಂದೂ ನನ್ನ ಪರವಾಗಿ ಮಾತಾಡುವಂತೆ ಕಾಣಲಿಲ್ಲ.

ಹಿರಿಯೂರಿಗೆ ಬಂದು ಇಳಿದು ಶಿವಣ್ಣನ ಅಂಗಡಿಯ ಮುಂದೆ ನಿಂತಿದ್ದೆ. ಸಂಜೆಯ ಶಿಫ್ಟು ಬಿಟ್ಟು ಧರ್ಮಪುರದ ಕಡೆ ಹೋಗುವ ಮಿಲ್ಲಿನ ಬಸ್ಸು ಲಾರಿಗಳ ಮಧ್ಯೆ ಸಿಕ್ಕಿಕೊಂಡು ನನ್ನೆದುರೇ ನಿಂತಿತು. ಕಿಟಕಿಯಲ್ಲಿ ರುದ್ರಕ್ಕ. ಗಾಳಿಗೆ ಗಾಜು ಮುಚ್ಚಿದ್ದರು. ನಾನು ಮುಖ ತಿರುಗಿಸಿದೆ. ಅವಳು ಗಾಜನ್ನು ಬೆರಳಿನಿಂದ ಬಡಿದಳು. ಮತ್ತೆ ಬಡಿದಳು. ನೋಡಿದೆ.

ಅವಳು ಅಂಗೈಯನ್ನು ಕಿವಿಯ ಪಕ್ಕ ಬೀಸಿದಳು. ಕೇಳಿಸಲಿಲ್ಲ.

ಬಸ್ಸೊಳಗಿಂದ ನನ್ನ ಮಾತು ಕೇಳಿಸುತ್ತಿಲ್ಲ ಅನ್ನುತ್ತಿದ್ದಾಳೆ ಅಂದುಕೊಂಡೆ. ನಾನು ಬಾಯೇ ಬಿಟ್ಟಿರಲಿಲ್ಲ. ಅವಳು ತಲೆ ಅಲ್ಲಾಡಿಸಿ, ಬೆರಳಿನಿಂದ ಫ್ರೇಮು ತಿರುಗುವುದನ್ನು ತೋರಿಸಿ, ಪ್ಯಾಂಟು ಎಳೆದುಕೊಳ್ಳುವ ಸನ್ನೆ ಮಾಡಿ, ಮತ್ತೆ ಅಂಗೈಯನ್ನು ಕಿವಿಯ ಪಕ್ಕ ಬೀಸಿದಳು. ಆಮೇಲೆ ಆ ಅಂಗೈಯನ್ನು ಎದೆಯ ಮೇಲಿಟ್ಟು ಹೆಬ್ಬೆರಳು ಎತ್ತಿದಳು. ಕಣ್ಣಿಂದ ನೀರು ಇಳಿಯುತ್ತಿತ್ತು. ಲಾರಿ ಜರುಗಿತು, ಬಸ್ಸು ಹೋಯಿತು.

ನಾನು ರಸ್ತೆ ಮಧ್ಯೆ ನಿಂತು ತಲೆ ಚಚ್ಚಿಕೊಂಡೆ. ಫ್ರೇಮು ಓಡುವಾಗ ದನಿ ಎಲ್ಲಿ ಕೇಳಿಸುತ್ತದೆ? ನಾನೇ ಅಲ್ಲ, ಹತ್ತು ನಾಗರಾಜಪ್ಪಂದಿರು ಒಟ್ಟಿಗೆ ಕೂಗಿದರೂ ಒಂದು ಎಳೆಯೂ ಅಲುಗದು. ಆರೋಪ ಬರೆದವನು ಆಫೀಸಿನ ಕೋಣೆಯಲ್ಲಿ ಕೂತು ಬರೆದಿದ್ದ, ವಿಚಾರಿಸಿದವರು ಶೆಡ್ಡಿಗೆ ಹೋಗಲೇ ಇಲ್ಲ. ನಮಗೆ ಅದು ಎಷ್ಟು ಸಹಜ ಅಂದರೆ, ಕೂಗಿಲ್ಲ ಕೂಗಿಲ್ಲ ಅಂತ ಬಡಕೊಂಡ ನನಗೇ ಅದು ಹೊಳೆಯಲಿಲ್ಲ. ದನಿಯೊಂದೇ ಆಸ್ತಿ ಅಂದುಕೊಂಡವನು ದನಿಗೆ ಬೆಲೆಯಿಲ್ಲದ ಜಾಗವನ್ನೇ ಮರೆತಿದ್ದೆ.

ಮುಂದಿನ ಸಭೆಯಲ್ಲಿ ಮೇಡಂಗೆ ಒಂದೇ ಮಾತು ಹೇಳಿದೆ. “ಒಂದ್ ಸಲ ಶೆಡ್ಡಿಗೆ ಬರ್ರಿ ಮೇಡಂ. ಮಿಷನ್ ಓಡ್ತಿರುವಾಗ ಬರ್ರಿ.”

ಅವರು ಬಂದರು. ಗಾಳಿ ತಗ್ಗಿ ಸಣ್ಣ ಸೋನೆ ಹಿಡಿದ ದಿನ. ಬಾಗಿಲು ದಾಟುತ್ತಲೇ ಮೇಡಂ ಎರಡೂ ಕಿವಿ ಮುಚ್ಚಿಕೊಂಡರು. ಸಾಲಿನ ತುದಿಗೆ ಹೋಗಿ ನಿಂತು, ಕೂಗಿ ಅಂತ ನಾಗರಾಜಪ್ಪನವರಿಗೆ ಕೈ ಮಾಡಿದರು. ಅವರು ಕೂಗಿದರು. ಕತ್ತಿನ ನರ ಉಬ್ಬಿತು, ಬಾಯಿ ನೀರಿನಿಂದ ತೆಗೆದ ಮೀನಿನ ಬಾಯಿಯಂತೆ ತೆರೆದು ಮುಚ್ಚಿತು. ಏನೂ ಇಲ್ಲ. ಮೇಡಂ ನನಗೂ ಕೈ ಮಾಡಿದರು. ಅಷ್ಟು ದಿನ ಸತ್ತಿದ್ದ ಗಂಟಲು ಅವತ್ತು ತೆರೆಯಿತು. ನಾಗರಾಜಪ್ಪನವರ ದನಿಯಲ್ಲಿ ಬಾಯಿಗೆ ಬಂದದ್ದೆಲ್ಲ ಕೂಗಿದೆ. ನನ್ನ ಬದುಕಿನ ಅತ್ಯುತ್ತಮ ಅನುಕರಣೆ ಅದು, ಯಾರೂ ಕೇಳಲಿಲ್ಲ.

ಮೇಡಂ ರುದ್ರಕ್ಕನ ಮುಂದೆ ಹೋಗಿ ನಿಂತರು. ಹಾಗಾದರೆ ನಿಲ್ಲಿಸು ಅಂದವರು ಯಾರು ಅಂತ ಕೈಯಲ್ಲೇ ಕೇಳಿದರು. ನಾಗರಾಜಪ್ಪನವರು ಪಕ್ಕದಲ್ಲೇ ಇದ್ದರು. ಎರಡು ಫ್ರೇಮಿನಾಚೆ ಕಾವ್ಯ ಇದ್ದಳು. ರುದ್ರಕ್ಕ ಮಗಳ ಕಡೆ ಒಮ್ಮೆ ನೋಡಿದಳು. ಆಮೇಲೆ ನಿಧಾನವಾಗಿ, ಇಲ್ಲದ ಪ್ಯಾಂಟನ್ನು ಸೀರೆಯ ಮೇಲೆ ಎರಡೂ ಕೈಯಲ್ಲಿ ಎಳೆದುಕೊಂಡಳು. ಎರಡೂ ತೋಳನ್ನು ತಲೆಯ ಮೇಲೆ ಅಡ್ಡ ಹಾಕಿದಳು.

ಹೊರಗೆ ಬಂದು ಮೇಡಂ ಕೇಳಿದರು. “ಒಂದ್ನಿಮಿಷ. ಅವಳು ಏನಂದ್ಲು?”

ನಾನು ಬಾಯಿ ತೆರೆದೆ. “ನೀನು ಹೇಳಬಾರದು. ನಿನ್ನ ಕೇಸಿಗೆ ನೀನೇ ಅರ್ಥ ಹೇಳೋಕಾಗಲ್ಲ” ಅಂದರು. ಬಾಗಿಲಲ್ಲಿ ನಿಂತಿದ್ದವರನ್ನು ಒಬ್ಬೊಬ್ಬರಾಗಿ ಕೇಳಿದರು. ಹುಣಸೇಮರದ ಕೆಳಗಿನ ನನ್ನ ಪ್ರೇಕ್ಷಕರು. ಒಬ್ಬ ಚಪ್ಪಲಿ ನೋಡಿಕೊಂಡ. ಒಬ್ಬಳು, “ಏನೋ ತಲೆ ತುರಿಸ್ಕೊಂಡಂಗಾತು ಮೇಡಂ” ಅಂದಳು. ರುದ್ರಕ್ಕ ಕೈಯಲ್ಲಿ ಅಷ್ಟು ಸ್ಪಷ್ಟವಾಗಿ ಹೇಳಿದ್ದನ್ನು ಬಾಯಲ್ಲಿ ಹೇಳುವವರು ಒಬ್ಬರೂ ಇರಲಿಲ್ಲ. ಎಲ್ಲ ಇಲ್ಲಿಗೇ ಮುಗಿಯಿತು ಅಂದುಕೊಂಡೆ.

ನಾಗರಾಜಪ್ಪನವರಿಗೆ ತಡೆಯಲಾಗಲಿಲ್ಲ. “ಸುಳ್ಳು ಮೇಡಂ! ನಾನು ನಿಲ್ಸು ಅಂದೇ ಇಲ್ಲ!”

ಮೇಡಂ ಅವರನ್ನು ನೋಡಿದರು. “ಒಂದ್ನಿಮಿಷ. ನಿಮ್ಮ ಹೆಸರು ಯಾರು ತೆಗೆದ್ರು?”

ಅವರ ಕೈ ಪ್ಯಾಂಟಿಗೆ ಹೋಯಿತು. ಅಲ್ಲೇ ನಿಂತಿತು. ಎಳೆಯಲೂ ಆಗದೆ ಬಿಡಲೂ ಆಗದೆ ನಿಂತ ಆ ಕೈಯನ್ನು ನೋಡಿ ನನಗೆ ನಗು ಬರಬೇಕಿತ್ತು, ಬರಲಿಲ್ಲ. ಪಾಪ ಅನ್ನಿಸಿತು. ಕೈ ಇಳಿಸಿ, “ಹಂಗಾದ್ರೆ ಇವನು ಕೈಲೇ ನನ್ನಂಗೆ ಮಾಡಿರಬೇಕು” ಅಂದರು. ಮೇಡಂ ಫೈಲು ಮುಚ್ಚಿದರು. “ಕೂಗಿದ ಅಂತ ಬರೆದು ಕೆಲಸದಿಂದ ತೆಗೆದಿದ್ದೀರಿ. ಶಿಕ್ಷೆ ಕೊಟ್ಟಾದ ಮೇಲೆ ಹೊಸ ತಪ್ಪು ಹುಡುಕೋಕೆ ಬರಲ್ಲ. ಯಾವ ತಪ್ಪಿಗೆ ಅಂತ ಅವನಿಗೆ ಮೊದಲೇ ಹೇಳಬೇಕು, ಅವನ ಮಾತು ಕೇಳಬೇಕು.”

ಕೋರ್ಟಿಗೆ ಹೋಗುವುದಕ್ಕಿಂತ ರಾಜಿಯೇ ವಾಸಿ ಅಂತ ಮಿಲ್ಲಿನವರಿಗೆ ಅನ್ನಿಸಿತು. ನನ್ನನ್ನು ವಾಪಸ್ ತೆಗೆದುಕೊಂಡರು, ಒಂದು ಷರತ್ತಿನ ಮೇಲೆ. ಮಿಲ್ಲಿನ ಆವರಣದೊಳಗೆ ಯಾರನ್ನೂ ಅನುಕರಿಸಕೂಡದು. ಸಹಿ ಹಾಕಿದೆ. ನಾನು ಮೊದಲ ದಿನ ಶೆಡ್ಡಿಗೆ ಹೋದಾಗ ಪಕ್ಕದ ಫ್ರೇಮಿನಲ್ಲಿ ಬೇರೆ ಯಾರೋ ನಿಂತಿದ್ದರು. ರುದ್ರಕ್ಕನನ್ನು ಫ್ರೇಮುಗಳ ಕೆಳಗೆ ಉದುರಿದ ಕಸರು ಹತ್ತಿಯ ಗೋದಾಮಿಗೆ ಹಾಕಿದ್ದರು. ಅಲ್ಲಿ ಸದ್ದಿಲ್ಲ, ಮಾತಾಡಬಹುದು, ಆದರೆ ಜೊತೆಗೆ ಯಾರೂ ಇಲ್ಲ. ಹೋಗಿ ಅವಳ ಎದುರು ನಿಂತೆ. “ಉಂಡ್ಯಾ?” ಅಂದಳು.

ಈ ವರ್ಷ ಗಾಳಿ ಶುರುವಾಗುತ್ತಿದ್ದಂತೆ ಅವಳಿಗೂ ಅಮಾನತಿನ ಕಾಗದ ಬಂತು, ಮಿಲ್ಲಿನ ಬಸ್ಸು ಹತ್ತುವುದೂ ನಿಂತಿತು. ಸರ್ಕಾರಿ ಅಧಿಕಾರಿಯ ಮುಂದೆ ಮೇಲಧಿಕಾರಿಯ ಬಗ್ಗೆ ಅಗೌರವದ ಸನ್ನೆ ಮಾಡಿದ್ದಾಳೆ ಅನ್ನುವುದು ಆರೋಪ. ವರ್ಷ ಕಾದು ಹುಡುಕಿ ಬರೆದಿದ್ದರು. ವಿಚಾರಣೆ ಮೊನ್ನೆಯೇ.

ಧರ್ಮಪುರದ ಬಸ್ಸು ಕೊನೆಗೂ ಬಂತು. ರುದ್ರಕ್ಕ ಇಳಿದು, ನನ್ನ ತಲೆಯ ಮೇಲೆ ಕೂತಿದ್ದ ಹಾಸಿಗೆಯ ಹತ್ತಿ ತೆಗೆದು, “ರಜೆ ಹಾಕಿ ಇಲ್ಲಿ ನಿಂತಿದ್ಯಾ? ಬ್ಯಾಡ ಕಣೋ ತಿಪ್ಪೇಶಿ. ನಿಂದೂ ಹೋದೀತು. ನನ್ನ ಮಗಳೇ ಬರಲ್ಲ ಅಂದಾಳೆ, ನಾನೇ ಬ್ಯಾಡ ಅಂದೆ” ಅಂದಳು. ಹೋಗಾಣ ಬಾ ಅಕ್ಕ ಅಂದೆ.

ಅದೇ ಕೋಣೆ, ಅದೇ ಸದ್ದಿಲ್ಲದ ಫ್ಯಾನು, ಅದೇ ವಕೀಲರು. ನಾಗರಾಜಪ್ಪನವರು ಕೂತಿದ್ದರು, ನನ್ನನ್ನು ಕಂಡು ಟೀ ಲೋಟ ಕೆಳಗಿಟ್ಟರು. ಬಾಗಿಲಲ್ಲಿ ರುದ್ರಕ್ಕ ಹೋದ ವರ್ಷ ನಿಂತ ಜಾಗದಲ್ಲೇ ನಿಂತಳು.

“ಇವಳ ಕಡೆ ಯಾರು?” ಅಂದರು ಅಧಿಕಾರಿ, ತಲೆ ಎತ್ತದೆ.

ಒಪ್ಪಂದದ ಷರತ್ತನ್ನು ನಾನು ಮುರಿದದ್ದು ಆಗ. ಅಂಗೈಯನ್ನು ಎದೆಯ ಮೇಲಿಟ್ಟೆ, ಹೆಬ್ಬೆರಳನ್ನು ಬೇರೆಯಾಗಿ ಮೇಲಕ್ಕೆ ನಿಲ್ಲಿಸಿದೆ, ರುದ್ರಕ್ಕ ನಿಲ್ಲಿಸುತ್ತಿದ್ದ ಹಾಗೇ. ಹಿಂದಿನಿಂದ ಅವಳು ಉಸಿರೆಳೆದುಕೊಂಡದ್ದು ಕೇಳಿಸಿತು. ನಾಗರಾಜಪ್ಪನವರಿಗೆ ಅರ್ಥವಾಯಿತು, ಅವರು ಕಿಟಕಿಯ ಕಡೆ ತಿರುಗಿದರು. ಅಧಿಕಾರಿಗೆ ಆಗಲಿಲ್ಲ.

“ಏನಪ್ಪ ಅದು? ಬಾಯಲ್ಲಿ ಹೇಳು.”

“ನಾನು ಸಾರ್” ಅಂದೆ. ದನಿ ನನ್ನದೇ, ಕೀರಲು. “ಮೊದ್ಲು ಆ ಕಾಗದ ಕನ್ನಡದಾಗೆ ಕೊಡ್ರಿ. ಅಕ್ಕ ಓದ್ಕಳ್ಳಿ.”